ಜಗಲಿ ಮಾತು: ಅಂಕವೂ ಕತೆಯೂ ಇದ್ದ ಹಾಗೆ



ಸುಳ್ಯದ ಕಡೆಯ ಸೋದರಿಯೊಬ್ಬರು 2025ರ ಮಳೆಗಾಲದಲ್ಲಿ ನನಗೊಂದು ಪತ್ರ ಬರೆದಿದ್ದರು. ಅವರಿಗೆ ಉತ್ತರವನ್ನು ಆಗಲೇ ಹಾಕಿದ್ದೇನೆ. ಆದರೆ ಮೆಡಿಕಲ್ ಸೀಟಿನ ಅರ್ಜಿಯ ಕಾಲ ಮಳೆಯ ಹಾಗೆ ವರ್ಷ ವರ್ಷವೂ ಬರುತ್ತದೆ, ಅದರ ಬೆನ್ನಿಗೆ ಇಂಥ ಪತ್ರಗಳೂ ಬರುತ್ತವೆ. ಆದ್ದರಿಂದ ಅವರ ಒಪ್ಪಿಗೆ ಕೇಳಿ, ಹೆಸರು, ಊರು ಎರಡನ್ನೂ ಬಿಟ್ಟು, ಈ ಸಲ ಜಗಲಿಯಲ್ಲಿ ಕೂತು ಅದನ್ನೇ ಮಾತಾಡೋಣ.

ಪತ್ರ ಹೀಗಿತ್ತು:

"ಅಕ್ಕಾ, ನನ್ನ ಮಗಳು ಈ ವರ್ಷ ನೀಟ್ ಬರೆದಳು. 720ಕ್ಕೆ 412 ಬಂತು. ಫಲಿತಾಂಶ ಬಂದ ವಾರದಲ್ಲೇ ನನ್ನ ತವರಿನಲ್ಲಿ ಗೃಹಪ್ರವೇಶ. ಊಟಕ್ಕೆ ಕೂತಿದ್ದಾಗ ಅತ್ತಿಗೆ ಕೇಳಿದರು, ಮಗಳಿಗೆ ಎಷ್ಟು ಬಂತು ಅಂತ. ಅವರ ಮಗನೂ ಬರೆದಿದ್ದ. ನನ್ನ ಬಾಯಿಂದ 482 ಅಂತ ಬಂದುಬಿಟ್ಟಿತು. ಮಗಳು ಪಾಯಸದ ಪಾತ್ರೆ ಹಿಡಿದುಕೊಂಡು ಎದುರಿಗೇ ನಿಂತಿದ್ದಳು. ಏನೂ ಹೇಳಲಿಲ್ಲ, ಬಡಿಸಿಕೊಂಡು ಮುಂದೆ ಹೋದಳು. ಅಂದಿನಿಂದ ನನ್ನ ಹತ್ತಿರ ಸೀಟಿನ ಮಾತೇ ಆಡುವುದಿಲ್ಲ. ಕೇಳಿದರೆ, ‘ನಿನ್ನ 482ಕ್ಕೆ ಎಲ್ಲಿ ಸಿಗ್ತದೋ ಅಲ್ಲಿ ಸೇರ್ತೇನೆ’ ಅನ್ನುತ್ತಾಳೆ. ನಾನು ಅವಳ ಮರ್ಯಾದೆ ಉಳಿಸಲಿಕ್ಕೆ ಹೇಳಿದ್ದು ಅಕ್ಕಾ. ತಪ್ಪಾಯಿತಾ?"

ನಾನು ಪೆನ್ನು ತೆಗೆದು, "ತಪ್ಪಾಯಿತು ತಂಗೀ" ಎಂದು ಬರೆಯಲು ಕೂತೆ. ಬರೆಯಲಿಕ್ಕೆ ಆಗಲಿಲ್ಲ. ಯಾಕೆಂದರೆ ಅದರ ಹಿಂದಿನ ದಿನವೇ ಅಂಥದೇ ಒಂದು ತಪ್ಪನ್ನು ನಾನು ಫೋನಿನಲ್ಲಿ ಮಾಡಿ ಮುಗಿಸಿದ್ದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಅಂಕದ ವಿಷಯ ಮುಗಿಸೋಣ. ನಮ್ಮಂಥ ಅಮ್ಮಂದಿರು ಸುಳ್ಳು ಹೇಳುವುದು ಅರ್ಧ ನಾಚಿಕೆಗೆ, ಉಳಿದರ್ಧ ಆ ಅಂಕ ಎಂದರೆ ಎಂತದ್ದು ಎಂದು ಗೊತ್ತಿಲ್ಲದ್ದಕ್ಕೆ.

ನಮ್ಮ ಕಾಲದಲ್ಲಿ ಪಿಯುಸಿಯಲ್ಲಿ ಶೇಕಡಾ ಎಷ್ಟು ಎಂದರೆ ಮುಗಿಯಿತು. ಫಸ್ಟ್ ಕ್ಲಾಸೋ, ಡಿಸ್ಟಿಂಕ್ಷನ್ನೋ, ಅಂಗಳದಲ್ಲಿ ನಿಂತವರಿಗೂ ತಿಳಿಯುತ್ತಿತ್ತು. ನೀಟ್ ಹಾಗಲ್ಲ. ಅಲ್ಲಿ ಮೂರು ಲೆಕ್ಕ ಉಂಟು. ಒಂದು ಅಂಕ, ಇನ್ನೊಂದು ಪರ್ಸೆಂಟೈಲ್, ಮೂರನೆಯದು ರ‍್ಯಾಂಕ್. ಮೂರನ್ನೂ ಕಲಸಿ ಒಂದೇ ಬಟ್ಟಲಿಗೆ ಹಾಕಿದರೆ ರುಚಿ ಕೆಡುತ್ತದೆ.

ಅಂಕ ಎಂದರೆ ಮಗು ಆ ದಿನ ಆ ಕಾಗದದ ಮೇಲೆ ಗಳಿಸಿದ್ದು. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆ, ಮೂರು ಗಂಟೆ. ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90. ಸರಿಯಾದರೆ 4 ಅಂಕ, ತಪ್ಪಾದರೆ ಇದ್ದದ್ದರಲ್ಲಿ 1 ಹೋಯಿತು, ಬಿಟ್ಟರೆ ಸೊನ್ನೆ. ಅಂದಾಜಿನಲ್ಲಿ ಗುರುತು ಹಾಕಿದರೆ ಗಂಟಿನಿಂದಲೇ ಹೋಗುವ ವ್ಯಾಪಾರ ಇದು.

ಈ ಅಂಕಕ್ಕೆ ಒಂಟಿಯಾಗಿ ಬೆಲೆ ಇಲ್ಲ. ವರ್ಷ ಸೇರಿಸಿ ಹೇಳಿದರೆ ಮಾತ್ರ ಅರ್ಥ. ನೋಡಿ, 2024ರಲ್ಲಿ ಮೊದಲು ಬಂದ ಫಲಿತಾಂಶದಲ್ಲಿ 67 ಮಕ್ಕಳಿಗೆ 720ಕ್ಕೆ 720 ಇತ್ತು. ಆಮೇಲೆ ಗಲಾಟೆ ಆಗಿ, ಕೋರ್ಟಿಗೆ ಹೋಗಿ, ತಿದ್ದಿದ ಪಟ್ಟಿಯಲ್ಲಿ ಅದು 17ಕ್ಕೆ ಇಳಿಯಿತು. ಅದರ ಮರುವರ್ಷ, 2025ರಲ್ಲಿ, ಇಡೀ ದೇಶಕ್ಕೆ ಮೊದಲು ಬಂದವನಿಗೇ 686. ಹಾಗಾದರೆ ಒಂದೇ ವರ್ಷದಲ್ಲಿ ದೇಶದ ಮಕ್ಕಳೆಲ್ಲ ದಡ್ಡರಾದರೇ? ಇಲ್ಲ, ಪ್ರಶ್ನೆಪತ್ರಿಕೆ ಕಠಿಣವಾಗಿತ್ತು. ಆದ್ದರಿಂದ ಪಕ್ಕದ ಮನೆಯ ಹುಡುಗ ಹಿಂದಿನ ವರ್ಷ ತೆಗೆದ ಅಂಕದ ಎದುರು ನಿಮ್ಮ ಮಗಳ ಈ ವರ್ಷದ ಅಂಕ ಇಟ್ಟು ತೂಗುವುದು, ಹೋದ ವರ್ಷದ ಅಡಿಕೆ ಧಾರಣೆಯಲ್ಲಿ ಈ ವರ್ಷದ ಲೆಕ್ಕ ಬರೆದ ಹಾಗೆ.

ಇನ್ನು ಪರ್ಸೆಂಟೈಲ್. ಇದು ಶೇಕಡಾ ಅಲ್ಲ ಮಾರಾಯ್ರೇ! ಎಷ್ಟೋ ಮನೆಗಳಲ್ಲಿ ಇದನ್ನು ಶೇಕಡಾ ಎಂದೇ ಹೇಳಿ, ಕೇಳಿದವರು ಹೌಹಾರಿ, ಆಮೇಲೆ ಸೀಟು ಸಿಗದಾಗ "ಅಷ್ಟು ಬಂದರೂ ಸಿಗಲಿಲ್ಲವಾ?" ಎಂದು ಚುಚ್ಚಿದ್ದನ್ನು ನಾನೇ ಕೇಳಿದ್ದೇನೆ. ಸೊಸೈಟಿಯ ಎದುರು ನೂರು ಜನ ಸಾಲು ನಿಂತಿದ್ದಾರೆ ಅಂತ ಇಟ್ಟುಕೊಳ್ಳಿ. ನಿಮ್ಮ ಮಗಳ ಹಿಂದೆ ಎಷ್ಟು ಜನ ಇದ್ದಾರೆ, ಅದು ಪರ್ಸೆಂಟೈಲ್. 2025ರಲ್ಲಿ ಸಾಮಾನ್ಯ ವರ್ಗದ ಅರ್ಹತೆಗೆ 50 ಪರ್ಸೆಂಟೈಲ್ ಬೇಕಿತ್ತು, ಅಂದರೆ ಸಾಲಿನ ಅರ್ಧ. ಅದಕ್ಕೆ ಆ ವರ್ಷ ಸಾಕಾದ ಅಂಕ 144. 720ರಲ್ಲಿ 144 ಎಂದರೆ ಶೇಕಡಾ 20! ಅರ್ಥವಾಯಿತಲ್ಲ? ಶೇಕಡಾ 20 ಅಂಕ, ಆದರೆ ಪರ್ಸೆಂಟೈಲ್ 50. ಸುಳ್ಯದ ಸೋದರಿಯ ಮಗಳ 412 ಶೇಕಡಾ ಲೆಕ್ಕದಲ್ಲಿ 57 ಮಾತ್ರ. ಅಷ್ಟೇನಾ ಅನಿಸುತ್ತದೆ. ಅವಳ ಸ್ಕೋರ್ ಕಾರ್ಡಿನಲ್ಲಿ ಪರ್ಸೆಂಟೈಲ್ ಎಂಬ ಕಡೆ ನೋಡಿದ್ದರೆ ಅಮ್ಮನಿಗೆ ಸುಳ್ಳು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಹಾಗೆಂದು ಅರ್ಹತೆ ಬಂದರೆ ಸೀಟು ಬಂತು ಎಂದಲ್ಲ. 2025ರಲ್ಲಿ ಪರೀಕ್ಷೆ ಬರೆದವರು ಸುಮಾರು 22 ಲಕ್ಷ, ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು, ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. "ಪಾಸಾದಳಲ್ಲ, ಇನ್ನೇನು ಡಾಕ್ಟ್ರಮ್ಮ" ಎಂದು ಬೀಗಿ ಹಂಚಿದ ಲಾಡು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸೀಟು ಕೊಡುವಾಗ ನೋಡುವುದು ಮೂರನೆಯ ಲೆಕ್ಕವನ್ನು, ರ‍್ಯಾಂಕನ್ನು. ಸಾಲಿನಲ್ಲಿ ನಿಮ್ಮ ಮಗುವಿನ ಮುಂದೆ ಎಷ್ಟು ಜನ ಇದ್ದಾರೆ ಎಂಬುದನ್ನು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನನ್ನ ಅಣ್ಣ ಅಮೆರಿಕದಲ್ಲಿ ನೆಲೆಸಿ ಬಹಳ ವರ್ಷವಾಯಿತು. ಅವನ ಮಗಳು ಅಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಸ್ವಲ್ಪ ತಡವರಿಸಿ. ಆ ಜೂನ್‌ನಲ್ಲಿ ಅವಳೂ ಮೆಡಿಕಲ್ಲಿಗೆ ಅರ್ಜಿ ಹಾಕುತ್ತಿದ್ದಳು. ಅಲ್ಲಿ ಪಿಯುಸಿ ಮುಗಿಸಿ ನೇರ ಸೇರುವ ಹಾಗಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಮುಗಿಸಬೇಕು, ಆಮೇಲೆ ನಾಲ್ಕು ವರ್ಷ ಮೆಡಿಕಲ್. ಅವರಿಗೂ ಒಂದು ಪರೀಕ್ಷೆ ಉಂಟು, ಎಂಕ್ಯಾಟ್ ಅನ್ನುತ್ತಾರೆ. ಅದರ ಅಂಕ ಕೇಳಿದರೆ ನಗು ಬರಬೇಕು. ಸೊನ್ನೆಯಿಂದ ಶುರುವಲ್ಲ, 472ರಿಂದ ಶುರು, 528ಕ್ಕೆ ಮುಗಿಯುತ್ತದೆ. ನಾಲ್ಕು ಭಾಗ, ಒಂದೊಂದಕ್ಕೂ 118ರಿಂದ 132. ಏನೂ ಬರೆಯದವನಿಗೂ 472! ತಪ್ಪಿಗೆ ಕಳೆಯುವ ಕ್ರಮ ಅಲ್ಲಿಲ್ಲ. ಆದರೆ ಎರಡು ಸಲ ಬರೆದರೆ ಎರಡೂ ಅಂಕ ಕಾಲೇಜಿಗೆ ಕಾಣುತ್ತದೆ, ಚೆನ್ನಾಗಿದ್ದದ್ದನ್ನು ಮಾತ್ರ ತೋರಿಸಿ ಇನ್ನೊಂದನ್ನು ಮಡಚಿಡಲು ಬಿಡುವುದಿಲ್ಲ.

ಅಂಕ ಮಾತ್ರ ಸಾಲದು. ಅರ್ಜಿಯ ಜತೆ ಒಂದು ಪ್ರಬಂಧ ಬರೆಯಬೇಕು. ಪ್ರಶ್ನೆ ಒಂದೇ: ನಿನಗೆ ಮೆಡಿಕಲ್ ಯಾಕೆ ಬೇಕು? ಜಾಗ ನೋಡಿದರೆ 5,300 ಅಕ್ಷರ, ನಡುವಿನ ಖಾಲಿ ಜಾಗವೂ ಸೇರಿ. ಅಂದರೆ ಒಂದೂವರೆ ಪುಟದಷ್ಟು. ಅದಲ್ಲದೆ ಇಷ್ಟು ವರ್ಷ ಏನೇನು ಕೆಲಸ, ಸೇವೆ ಮಾಡಿದೆ ಎಂದು ಹದಿನೈದರ ವರೆಗೆ ಪಟ್ಟಿ ಕೊಡಬಹುದು, ಅದರಲ್ಲಿ ಮನಸ್ಸಿಗೆ ಹತ್ತಿರವಾದ ಮೂರರ ಬಗ್ಗೆ ಇನ್ನಷ್ಟು ಬರೆಯಬೇಕು. ಆಮೇಲೆ ಒಂದೊಂದು ಕಾಲೇಜೂ ತನ್ನದೇ ಪ್ರಶ್ನೆ ಕಳಿಸುತ್ತದೆ. ಸೋತದ್ದು ಯಾವಾಗ, ಸೋತ ಮೇಲೆ ಏನು ಮಾಡಿದೆ, ನಮ್ಮ ಕಾಲೇಜೇ ಯಾಕೆ, ಹೀಗೆ. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಕೇಳುವುದಿಲ್ಲ ಬಿಡಿ.

ಹುಡುಗಿ ಫೋನ್ ಮಾಡಿ, "ಅತ್ತೆ, ನಾನು ಅಜ್ಜಿ ವಿಷಯ ಬರೆದಿದ್ದೇನೆ. ಓದ್ತೇನೆ, ಸರಿ ಉಂಟಾ ಹೇಳಿ" ಎಂದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. ಅಡಿಕೆ ತೋಟ, ಹೊಳೆ, ಮಳೆ, ಎಲ್ಲ ಚೆಂದಕ್ಕೆ ಬಂದಿತ್ತು. ಮುಖ್ಯವಾದ ಸಾಲು ಇದು: ನನ್ನ ಅಜ್ಜಿಯ ಹಳ್ಳಿಯಲ್ಲಿ ಡಾಕ್ಟರ್ ಇರಲಿಲ್ಲ, ಅದಕ್ಕೆ ಅವರು ತೀರಿಕೊಂಡರು, ಆದ್ದರಿಂದ ನಾನು ಡಾಕ್ಟರ್ ಆಗಬೇಕು.

"ಸರಿ ಉಂಟಾ ಅತ್ತೆ?"

"ಹ್ಞೂಂ, ಸರಿ ಉಂಟು ಮಗಾ" ಎಂದೆ. ಫೋನ್ ಇಟ್ಟೆ.

ಸರಿ ಇರಲಿಲ್ಲ.

ಅಣ್ಣ ಆಗ ಊರು ಬಿಟ್ಟು ಹೊರಗೆ ಓದುತ್ತಿದ್ದ, ಅವನಿಗೆ ಗೊತ್ತಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. 1983, ನನಗೆ ಹತ್ತೊಂಬತ್ತು, ಮದುವೆಗೆ ನೋಡುತ್ತಿದ್ದ ಕಾಲ. ಅಡಿಕೆ ಸುಲಿಯುವಾಗ ಅಮ್ಮನ ಬೆರಳಿಗೆ ಮೆಟ್ಟುಗತ್ತಿ ತಾಗಿ ಕೈಗೆ ಬಟ್ಟೆ ಕಟ್ಟಿತ್ತು. ಒದ್ದೆಯಾಗಬಾರದೆಂದು ನಾನು ಬಚ್ಚಲಿನಲ್ಲಿ ಅವಳ ಬೆನ್ನು ತಿಕ್ಕಿಕೊಡಲು ಹೋದೆ. ಎಡಗಡೆ ಎದೆಯಲ್ಲಿ, ಕಂಕುಳ ಹತ್ತಿರ, ಅಡಿಕೆಯಷ್ಟು ದೊಡ್ಡ ಗಂಟು. "ಎಂತಮ್ಮಾ ಇದು?" ಎಂದೆ. "ಎಂತದ್ದೂ ಅಲ್ಲ, ನೋವೂ ಇಲ್ಲ. ಯಾರ ಹತ್ತಿರವೂ ಹೇಳಬೇಡ. ಸಂಬಂಧ ನೋಡುವಾಗ ಮನೆಯಲ್ಲಿ ಕಾಯಿಲೆ ಉಂಟು ಅಂತ ಆಗಬಾರದು. ಮೊದಲು ನಿನ್ನ ಮದುವೆ ಮುಗಿಯಲಿ" ಎಂದಳು.

ನಾನು ಹೇಳಲಿಲ್ಲ. ಮದುವೆ ಮುಗಿಯಿತು. ಬಾಣಂತನವೂ ಮುಗಿಯಿತು. ಗಂಟು ಮುಗಿಯಲಿಲ್ಲ. ಕೊನೆಗೆ ತೋಳು ಎತ್ತಲಾಗದೆ ಅಪ್ಪನಿಗೆ ಗೊತ್ತಾದಾಗ ಪುತ್ತೂರಿಗೆ ಕರೆದುಕೊಂಡು ಹೋದರು. ಡಾಕ್ಟರು ಅದೇ ದಿನ ಮಂಗಳೂರಿಗೆ ಹೋಗಿ ಎಂದರು. ಮಂಗಳೂರಿನಲ್ಲಿ ನೋಡಿದವರು, ಎರಡು ವರ್ಷ ಮೊದಲು ಯಾಕೆ ತರಲಿಲ್ಲ ಎಂದು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತೆ. 1986ರಲ್ಲಿ ಅಮ್ಮ ಹೋದಳು.

ಪುತ್ತೂರಿನಲ್ಲಿ ಆಗಲೂ ಡಾಕ್ಟರರಿದ್ದರು ಸೋದರಿಯರೇ. ಬಸ್ಸೂ ಇತ್ತು. ಪುತ್ತೂರಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರು. ಅಲ್ಲಿ ವೆನ್ಲಾಕ್ ಆಸ್ಪತ್ರೆ, ಹೆಂಗಸರಿಗೆಂದೇ ಲೇಡಿ ಗೋಷನ್ ಆಸ್ಪತ್ರೆ, ಎರಡೂ ನಮ್ಮ ಅಜ್ಜಿಯಂದಿರ ಕಾಲದಿಂದಲೇ ಇವೆ. ಇರದಿದ್ದದ್ದು ಡಾಕ್ಟರಲ್ಲ, ಹೇಳುವ ಬಾಯಿ.

ಅದಕ್ಕೇ ಸುಳ್ಯದ ಸೋದರಿಗೆ "ತಪ್ಪಾಯಿತು" ಎಂದು ಬರೆಯಲು ಕೈ ಬರಲಿಲ್ಲ. ಅವರು 412ನ್ನು 482 ಮಾಡಿದ್ದರು. ನಾನು ಅಮ್ಮನ ಸಾವನ್ನೇ ತಿದ್ದಿದ್ದೆ. ಎರಡೂ ಮನೆಯ ಮರ್ಯಾದೆಗೆ, ಎರಡೂ ಮಕ್ಕಳ ಅರ್ಜಿಯ ಕಾಲಕ್ಕೆ.

ಅಂದು ಸಂಜೆ ಕರೆಂಟಿನ ಜತೆ ವೈಫೈಯೂ ಹೋಗಿತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಅದು ಮಾಮೂಲು, ಓದುವವರಿಗೆ ಗೊತ್ತುಂಟು. ಛತ್ರಿ ಹಿಡಿದು ರೇಂಜು ಸಿಗುವ ಗುಡ್ಡೆಯವರೆಗೆ ಹತ್ತಿ ಹೋಗಿ ಹುಡುಗಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ. "ಮಗಾ, ನಿನ್ನೆ ಸರಿ ಉಂಟು ಎಂದೆನಲ್ಲ, ಸರಿ ಇಲ್ಲ" ಎಂದು ಎಲ್ಲ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅತ್ತೆ, ನೀವು ಯಾರಿಗೂ ಹೇಳಿರಲಿಲ್ಲವಾ?" ಎಂದಳು. "ಇಲ್ಲ ಮಗಾ, ನಿನಗೇ ಮೊದಲು."

ರಾತ್ರಿ ಅಣ್ಣ ಫೋನ್ ಮಾಡಿದ. ಬೈದದ್ದು ಮನೆಮಾತನ್ನು ಹೊರಗೆ ಹಾಕಿದ್ದಕ್ಕೆ. ಆಮೇಲೆ ಸ್ವರ ಸಣ್ಣ ಮಾಡಿ, "ನಿನ್ನ ಮದುವೆಗೆ ಬಂದು ಹದಿನೈದು ದಿನ ಮನೆಯಲ್ಲೇ ಇದ್ದೆನಲ್ಲ ನಾನು. ಆಗಲೂ ಹೇಳಲಿಲ್ಲವಾ?" ಎಂದ. ನನ್ನಲ್ಲಿ ಉತ್ತರ ಇರಲಿಲ್ಲ. ಎಂಟು ದಿನ ಮತ್ತೆ ಫೋನ್ ಬರಲಿಲ್ಲ. ಬಂದಾಗ, ಅಮ್ಮ ಪತ್ರೊಡೆಗೆ ಹುಣಸೆಹುಳಿ ಎಷ್ಟು ಹಾಕುತ್ತಿದ್ದಳು ಎಂದು ಕೇಳಿದ. ಹೇಳಿದೆ. ಇಬ್ಬರೂ ಅತ್ತೆವು.

ಹುಡುಗಿ ಪ್ರಬಂಧವನ್ನು ಪುನಃ ಬರೆದಳು. ತಾನು ನೋಡದ ಅಜ್ಜಿಗೆ ಡಾಕ್ಟರರಿದ್ದರು, ಆದರೆ ಹೇಳಿಕೊಳ್ಳಲು ಆಗಲಿಲ್ಲ ಎಂದು ಬರೆದಳು. ತಾನು ಶನಿವಾರ ಶನಿವಾರ ಸಹಾಯಕ್ಕೆ ಹೋಗುವ ಧರ್ಮದ ಕ್ಲಿನಿಕ್ಕಿನಲ್ಲೂ ಹೆಂಗಸರು ಮೊದಲು "ಏನೂ ಇಲ್ಲ" ಎಂದೇ ಹೇಳುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿದರೆ ಇದ್ದದ್ದು ಹೊರಗೆ ಬರುತ್ತದೆ, ಆ ಇನ್ನೊಮ್ಮೆ ಕೇಳುವವಳು ತಾನಾಗಬೇಕು ಎಂದು ಬರೆದಳು. ತೋಟ, ಹೊಳೆ, ಮಳೆ ಎಲ್ಲ ಹೋಗಿತ್ತು. ಕೇಳಿದಾಗ ನನಗೆ ಅಮ್ಮನನ್ನು ನೋಡಿದ ಹಾಗಾಯಿತು. ಅವಳ ಎಂಕ್ಯಾಟ್ ಎಷ್ಟು, ಸೀಟು ಸಿಕ್ಕಿತೇ ಎಂದು ಕೇಳಬೇಡಿ. ಅದು ಅವಳ ಲೆಕ್ಕ, ಬರೆಯಬೇಡಿ ಎಂದಿದ್ದಾಳೆ.

ಹೊರದೇಶದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಮನೆಗಳು ಈಗ ಪುತ್ತೂರು, ಸುಳ್ಯ, ಕಡಬ ಎಲ್ಲ ಕಡೆಯೂ ಇವೆ. ನಾಳೆ ನಿಮಗೂ ಇಂಥ ಫೋನ್ ಬರಬಹುದು. ಆಗ ಮಕ್ಕಳಿಗೆ ಬೇಕಾದದ್ದು ದೊಡ್ಡ ಕಷ್ಟದ ಕತೆಯಲ್ಲ. ಯಾವ ವರ್ಷ, ಯಾರು ಏನು ಹೇಳಿದರು, ನೀವು ಏನು ನೋಡಿದಿರಿ, ಏನು ಮಾಡಲಿಲ್ಲ, ಅಷ್ಟು ಹೇಳಿ. ನೋಡದ್ದನ್ನು ನೋಡಿದೆ ಎನ್ನಬೇಡಿ. ಅರ್ಜಿಯ ಕೊನೆಯಲ್ಲಿ "ಇದೆಲ್ಲ ನಿಜ, ನಾನೇ ಬರೆದದ್ದು" ಎಂದು ಮಗು ಒಪ್ಪಿ ಕಳಿಸಬೇಕು. ಇಂಟರ್ವ್ಯೂನಲ್ಲಿ ಅದೇ ಕತೆಯ ಬಾಲ ಹಿಡಿದು ಕೇಳುತ್ತಾರೆ. ಆಗ ಹೊಲಿದ ಕತೆಯ ದಾರ ಬಿಚ್ಚಿಕೊಳ್ಳುತ್ತದೆ. ಈಗ ಕಂಪ್ಯೂಟರೇ ಪ್ರಬಂಧ ಬರೆದುಕೊಡುತ್ತದಂತೆ. ಕೊಡಲಿ, ನಮ್ಮ ಬಚ್ಚಲಿನಲ್ಲಿ ನಡೆದದ್ದು ಅದಕ್ಕೆ ಗೊತ್ತಿಲ್ಲ.

"ನಮ್ಮ ಮಕ್ಕಳಿಗೆ ಪ್ರಬಂಧ ಎಲ್ಲಿ ಉಂಟು, ಇಲ್ಲಿ ಬರೀ ಗುರುತು ಹಾಕುವುದಲ್ಲವಾ?" ಎಂದು ಕೇಳುತ್ತೀರಿ. ಹೌದು, ನೀಟ್‌ನಲ್ಲಿ ಯಾಕೆ ಡಾಕ್ಟರಾಗುತ್ತೀ ಎಂದು ಯಾರೂ ಕೇಳುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನೋಡುವುದು ರ‍್ಯಾಂಕು, ಮೀಸಲಾತಿ, ದಾಖಲೆ, ಮಗು ತುಂಬಿದ ಕಾಲೇಜುಗಳ ಕ್ರಮ, ಇಷ್ಟೇ. ಹೊರಗೆ ಯಾರೂ ಕೇಳದ ಪ್ರಶ್ನೆಯನ್ನು ಮನೆಯಲ್ಲಿ ಕೇಳಬೇಕು. ಸುಳ್ಯದ ಸೋದರಿಗೆ ನಾನು ಹೇಳಿದ್ದು ಇದನ್ನೇ. ಮೊದಲು ಮಗಳ ಹತ್ತಿರ, "ನಿನ್ನ ಅಂಕ ನನಗೆ ನಾಚಿಕೆ ಅನಿಸಿತು, ನಾಚಿಕೆ ಆಗಬೇಕಾದ್ದು ನನ್ನ ಸುಳ್ಳಿಗೆ" ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಅತ್ತಿಗೆಗೆ ಫೋನ್ ಮಾಡಿ, 482 ಅಲ್ಲ, 412 ಎನ್ನಿ, ಮಗಳಿಗೆ ಕೇಳುವ ಹಾಗೆಯೇ. ಆಮೇಲೆ ಮಗಳಿಗೆ ಒಂದು ಹಾಳೆ ಕೊಟ್ಟು, ನಿನಗೆ ಯಾಕೆ ಬೇಕು ಎಂದು ಕನ್ನಡದಲ್ಲೇ ಬರೆ, ನನಗೆ ತೋರಿಸದಿದ್ದರೂ ಅಡ್ಡಿಯಿಲ್ಲ ಎನ್ನಿ.

ಆ ಒಂದು ಹಾಳೆಯ ಉಪಯೋಗ ದೊಡ್ಡದು. ಇನ್ನೊಂದು ವರ್ಷ ಕೂತು ಮತ್ತೆ ನೀಟ್ ಬರೆಯುವುದೋ, ಡೆಂಟಲ್ ಅಥವಾ ಆಯುರ್ವೇದ ನೋಡುವುದೋ, ನರ್ಸಿಂಗಿಗೆ ಹೋಗುವುದೋ, ಬಿ.ಎಸ್ಸಿ. ಸೇರುವುದೋ ಎಂಬುದು ಅಂಕದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಹಾಳೆಯಲ್ಲಿ "ಕಾಯಿಲೆಯವರ ಹತ್ತಿರ ಇರಬೇಕು" ಎಂದಿದ್ದರೆ ಅದಕ್ಕೆ ದಾರಿ ಹತ್ತು. ಸುಳ್ಯ ಪೇಟೆಯಲ್ಲೇ ಮೆಡಿಕಲ್, ಡೆಂಟಲ್, ಆಯುರ್ವೇದ ಮೂರೂ ಕಾಲೇಜುಗಳುಂಟು. "ಅಮ್ಮನಿಗೆ ಖುಷಿಯಾಗಲಿ ಎಂದು" ಎಂದು ಮಾತ್ರ ಬರೆದಿದ್ದರೆ, ಆ ಉತ್ತರವನ್ನೂ ಇದ್ದ ಹಾಗೇ ಓದಿಕೊಳ್ಳಬೇಕು.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲಸಗಳು ಕೆಲವು. ಬರೆದಿಟ್ಟುಕೊಳ್ಳಿ:

1. ಯಾರಾದರೂ ಅಂಕ ಕೇಳಿದರೆ ಹೇಳಬೇಕೋ ಬೇಡವೋ ಎಂದು ಮೊದಲೇ ಮಗುವನ್ನು ಕೇಳಿ. ಬೇಡ ಎಂದರೆ, "ಅವಳೇ ಹೇಳ್ತಾಳೆ, ಕೇಳಿ" ಎಂದು ನಗುತ್ತಾ ಅನ್ನ ಬಡಿಸಿ. ಹೇಳುವುದಾದರೆ ವರ್ಷ ಮತ್ತು ರ‍್ಯಾಂಕ್ ಸೇರಿಸಿ ಇದ್ದದ್ದನ್ನೇ ಹೇಳಿ.

2. ಸ್ಕೋರ್ ಕಾರ್ಡನ್ನು ಮಗುವಿನ ಜತೆ ಕೂತು ಒಂದು ಸಲ ಪೂರ್ತಿ ಓದಿ. ನಾಲ್ಕೈದು ಪ್ರತಿ ತೆಗೆದಿಡಿ.

3. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಆಧಾರ್, ನೀಟ್ ಅರ್ಜಿ, ನಾಲ್ಕರಲ್ಲೂ ಹೆಸರಿನ ಅಕ್ಷರ ಒಂದೇ ಥರ ಉಂಟಾ ನೋಡಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಬೇಸಿಗೆಯಲ್ಲೇ ಸರಿ ಮಾಡಿಸಿ. ಮಳೆಗಾಲದಲ್ಲಿ ಓಡಾಟ ಬೇಡ.

4. ಒಂದರಿಂದ ಹತ್ತರ ವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ಕೋಟಾದಲ್ಲಿ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ಉಂಟು. ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ಪುತ್ತೂರು ನಗರಸಭೆ, ಸುಳ್ಯ ಪಟ್ಟಣ ಪಂಚಾಯತ್, ಈಗ ಕಡಬವೂ ಪಟ್ಟಣ ಪಂಚಾಯತ್. ನಿಮ್ಮ ಶಾಲೆ ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲೇ ಕೇಳಿ. ನಡುವೆ ಎರಡು ವರ್ಷ ಪೇಟೆಯಲ್ಲಿ ಓದಿದ್ದನ್ನು ಮರೆಮಾಚಿ ಪತ್ರ ಮಾಡಿಸುವ ಯೋಚನೆ ಬೇಡ. ಅದೂ 482ರ ತಮ್ಮನೇ.

5. ಕಾಲೇಜುಗಳ ಪಟ್ಟಿ ತುಂಬುವಾಗ ಮಗುವಿಗೆ ನಿಜವಾಗಿ ಬೇಕಾದದ್ದು ಮೇಲೆ, ಆಮೇಲಿನದು ಕೆಳಗೆ. ಇದು ನಮಗೆ ಸಿಗಲಿಕ್ಕಿಲ್ಲ ಎಂದು ಮೇಲಿನದನ್ನು ಬಿಟ್ಟರೆ ನಷ್ಟ ನಮಗೇ. ಆದರೆ ಸಿಕ್ಕಿದರೂ ಶುಲ್ಕ ಕಟ್ಟಲಾಗದ ಕಾಲೇಜನ್ನು ಆಸೆಗೆ ತುಂಬಬೇಡಿ. ಮನೆಯ ಶಕ್ತಿ ಎಷ್ಟು ಎಂದು ಅಪ್ಪ, ಅಮ್ಮ, ಮಗು ಮೂವರೂ ಮೊದಲೇ ಕೂತು ಮಾತಾಡಿ.

6. ಕೊನೆಯ ದಿನದ ವರೆಗೆ ಕಾಯಬೇಡಿ. ಕರೆಂಟು, ರೇಂಜು ಎರಡನ್ನೂ ನಂಬುವ ಹಾಗಿಲ್ಲ. ಪಾಸ್‌ವರ್ಡು ಮಗುವಿನ ಹತ್ತಿರವೇ ಇರಲಿ, ಸೈಬರ್ ಅಂಗಡಿಯವರ ಪುಸ್ತಕದಲ್ಲಿ ಬೇಡ.

7. ನಿಯಮಗಳು ವರ್ಷಕ್ಕೆ ವರ್ಷ ಬದಲಾಗುತ್ತವೆ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದದೆ ಯಾರ ಮಾತನ್ನೂ, ನನ್ನದನ್ನೂ, ನೆಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು, ಅರ್ಜಿಗೆ ಸಂಬಂಧಪಟ್ಟದ್ದಲ್ಲ. ಸ್ನಾನ ಮಾಡುವಾಗ ಕೈಗೆ ಏನಾದರೂ ಗಂಟು ಸಿಕ್ಕಿದರೆ, ನೋವಿಲ್ಲದಿದ್ದರೂ, ಅದೇ ವಾರ ಡಾಕ್ಟರಿಗೆ ತೋರಿಸಿ. ಮಗಳ ಮದುವೆ, ಮಗನ ಪರೀಕ್ಷೆ, ತೋಟದ ಕೆಲಸ ಯಾವುದೂ ಮುಗಿಯಲಿ ಎಂದು ಕಾಯಬೇಡಿ. ನಿಮ್ಮ ಅಮ್ಮನೋ ಅತ್ತೆಯೋ ಹೇಳಬೇಡ ಎಂದರೆ, ಹೇಳಿಬಿಡಿ. ಬೈದರೆ ಬೈಯಲಿ.

ಸುಳ್ಯದ ಸೋದರಿ ಆಮೇಲೆ ಒಂದು ಕಾರ್ಡು ಬರೆದಿದ್ದರು. ಅತ್ತಿಗೆಗೆ ಫೋನ್ ಮಾಡಿ ಹೇಳಿದರಂತೆ. ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅತ್ತಿಗೆ, "ನನ್ನ ಮಗನದ್ದೂ ನಾನು ಹೇಳಿದಷ್ಟಿಲ್ಲ ಮಾರಾಯ್ತಿ" ಎಂದರಂತೆ. ಒಳಗೆ ಕೂತಿದ್ದ ಮಗಳು ನಕ್ಕದ್ದು ಇವರಿಗೆ ಕೇಳಿಸಿತಂತೆ. ಅಂದು ರಾತ್ರಿ ಅಮ್ಮ ಮಗಳು ಸ್ಕೋರ್ ಕಾರ್ಡ್ ಮುಂದಿಟ್ಟುಕೊಂಡು ಕೂತರು, ಆ ಗೃಹಪ್ರವೇಶದ ನಂತರ ಮೊದಲ ಸಲ.

ನಿಮ್ಮ ಪತ್ರಗಳನ್ನು ಕಾಯುತ್ತಿರುತ್ತೇನೆ.

ನಿಮ್ಮ,
ಜಗಲಿಯ ಅಕ್ಕ